ಮಾರ್ಚ್ ತಿಂಗಳ ಬೆಳಕು

ಸ್ಟಾಕ್‌ಹೋಮ್‌ಗೆ ಹೊರಟಾಗ ಎಲ್ಲರೂ ಹೆದರಿಸಿದ್ದು ಅಲ್ಲಿನ ಕತ್ತಲೆಯ ಬಗ್ಗೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8.45ರ ಹೊತ್ತಿಗೆ. ಮಧ್ಯಾಹ್ನ ಮೂರಕ್ಕೆ ಮೊದಲೇ ಮುಳುಗುತ್ತಾನೆ. ಬೆಳಕಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಎರಡನೇ ಚಳಿಗಾಲದಲ್ಲಿ ಮಗಳು ಮಂಕಾದಳು. ಆಗ ಅವಳಿಗೆ ಹದಿಮೂರು. ಶಾಲೆಯಿಂದ ಬಂದವಳು ಜಾಕೆಟ್ ಕೂಡ ತೆಗೆಯದೆ ಮಲಗುತ್ತಿದ್ದಳು. ಬ್ರೆಡ್ಡು, ಸಿಹಿ ಬಿಟ್ಟು ಬೇರೇನೂ ಬೇಡ. ಬೆಳಿಗ್ಗೆ ಎಬ್ಬಿಸಿದರೆ, "ಅಮ್ಮಾ, ನನ್ ಕೈಲಾಗಲ್ಲ" ಎಂದು ಗೋಡೆಯ ಕಡೆ ತಿರುಗುತ್ತಿದ್ದಳು. ಅದು ಸೋಮಾರಿತನವಲ್ಲ ಎಂಬುದು ಅವಳ ದನಿಯಲ್ಲೇ ಇತ್ತು. ಸಾಗರದಿಂದ ನನ್ನಮ್ಮ ಫೋನಿನಲ್ಲಿ, "ಆಷಾಢದಲ್ಲಿ ನಮ್ಮಲ್ಲೂ ಬಿಸಿಲು ಕಾಣಲ್ಲ ಕಣೇ, ಇಲ್ಲಿ ಮಕ್ಳು ಹಿಂಗಾಗ್ತಾರಾ?" ಎಂದಳು. ಮಲೆನಾಡಿನಲ್ಲಿ ಮೋಡ ಎಷ್ಟೇ ಕವಿದರೂ ಹಗಲಿನ ಉದ್ದ ಕಡಿಮೆಯಾಗುವುದಿಲ್ಲ. ಅದನ್ನು ಅವಳಿಗೆ ವಿವರಿಸುವ ಶಕ್ತಿ ಆಗ ನನಗಿರಲಿಲ್ಲ.

ಚಳಿಗಾಲದ ಖಿನ್ನತೆ ಎಂದರು ವೈದ್ಯರು. 1984ರಲ್ಲಿ ಅದನ್ನು ವಿವರಿಸಿ ಹೆಸರಿಟ್ಟ ನಾರ್ಮನ್ ರೋಸೆಂತಾಲ್ ಕೂಡ ಬಿಸಿಲಿನ ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಬಂದವರೇ. ಚಿಕಿತ್ಸೆಗೆಂದು 10,000 ಲಕ್ಸ್‌ನ ಪ್ರಖರ ದೀಪ ತಂದೆವು. ದಿನಾ ಬೆಳಿಗ್ಗೆ ಅರ್ಧ ಗಂಟೆ ಅದರ ಮುಂದೆ ಕೂತು ತಿಂಡಿ ತಿನ್ನುತ್ತಿದ್ದಳು. ಫೆಬ್ರುವರಿಯಲ್ಲಿ ಮತ್ತೆ ನಕ್ಕಳು.

ಮಾರ್ಚ್ ಬಂತು. ಅಲ್ಲಿ ಆಗ ಹಗಲು ದಿನಕ್ಕೆ ಐದು ನಿಮಿಷಕ್ಕೂ ಹೆಚ್ಚು ಬೆಳೆಯುತ್ತದೆ. ಮಗಳ ನಿದ್ದೆ ಆರು ಗಂಟೆಗೆ ಇಳಿಯಿತು, ಆಮೇಲೆ ಮೂರಕ್ಕೆ. ದಣಿವೇ ಇಲ್ಲ. ನಸುಕಿನಲ್ಲೆದ್ದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಹರಡಿ ಕೂರುತ್ತಿದ್ದಳು. ಕನ್ನಡ, ಸ್ವೀಡಿಷ್, ಇಂಗ್ಲಿಷ್ ಬೆರೆತ ಮಾತು ನಿಲ್ಲುತ್ತಲೇ ಇರಲಿಲ್ಲ. ಒಂದು ರಾತ್ರಿ ಬಾಲ್ಕನಿಯ ಕಂಬಿಯ ಮೇಲೆ ಹತ್ತಿ ನಿಂತಿದ್ದಳು. ಸಾಯಬೇಕೆಂದಲ್ಲ. ಬಿದ್ದರೂ ತನಗೇನೂ ಆಗದೆಂದು ನಂಬಿದ್ದಳು. ಅವಳಪ್ಪ ಸೊಂಟ ಹಿಡಿದು ಇಳಿಸಿದರು. ಆಸ್ಪತ್ರೆ ತಲುಪುವವರೆಗೂ ಅವಳ ಕೈ ಬಿಡಲಿಲ್ಲ.

ಬೈಪೋಲಾರ್ ಕಾಯಿಲೆ ಎಂದು ಗೊತ್ತಾದದ್ದು ಅಲ್ಲಿ. ಕಣ್ಣಿಗೆ ಬೀಳುವ ಬೆಳಕು ಮಿದುಳಿನೊಳಗಿನ ಗಡಿಯಾರವನ್ನು ಸರಿಹೊಂದಿಸುತ್ತದೆ. ಈ ಕಾಯಿಲೆ ಇರುವವರಲ್ಲಿ ಬೆಳಕು ಏಕಾಏಕಿ ಹೆಚ್ಚಾದರೆ ಮನಸ್ಸು ಖಿನ್ನತೆಯಿಂದ ಉನ್ಮಾದಕ್ಕೆ ದಾಟಬಹುದು. ಬೆಳಗಿನ ದೀಪದಿಂದಲೂ ಹಾಗಾಗಬಹುದು. ವಸಂತದಲ್ಲಿ, ಬೇಸಿಗೆಯಲ್ಲಿ ಉನ್ಮಾದದಿಂದ ಆಸ್ಪತ್ರೆ ಸೇರುವವರು ಹೆಚ್ಚು ಎಂದರು ವೈದ್ಯರು. ಖಿನ್ನತೆಯೊಂದೇ ಕಂಡಿದ್ದ ಚಳಿಗಾಲದಲ್ಲಿ ಇದನ್ನು ಊಹಿಸುವುದು ಸುಲಭವಿರಲಿಲ್ಲ. ರಾತ್ರಿ ಪಾಳಿಯ ನರ್ಸ್ ಕಿಟಕಿಗೆ ದಪ್ಪ ಪರದೆ ಎಳೆದು ನನಗೊಂದು ಕಂಬಳಿ ಕೊಟ್ಟರು. "ನೀವು ಮಲಗಿ, ನಾನಿದ್ದೇನೆ" ಎಂದರು. ವಾರಗಳ ನಂತರ ಅಂದು ನಿದ್ದೆ ಮಾಡಿದೆ.

ಲಿಥಿಯಂ ಮಾತ್ರೆ ಶುರುವಾಯಿತು. ಜೊತೆಗೆ ಬೆರಳುಗಳ ನಡುಕ, ಬಾಯಾರಿಕೆ, ಮೇಲಿಂದ ಮೇಲೆ ರಕ್ತಪರೀಕ್ಷೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ, ಮತ್ತೆ ಹುಟ್ಟುವುದು ಮೂರೂವರೆಗೆ. ನಡುವೆಯೂ ಪೂರ್ತಿ ಕತ್ತಲಾಗುವುದಿಲ್ಲ. ಪರದೆಯ ಅಂಚುಗಳಿಗೆ ಟೇಪ್ ಅಂಟಿಸಿದೆವು. ಸಂಜೆಯಾದರೆ ನೀಲಿ ಬೆಳಕು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಹಾಕಿಸಿದೆವು. ಕೆಳಗೆ ಅಂಗಳದಲ್ಲಿ ಮಕ್ಕಳು ಆಡುತ್ತಿರುವುದು ಕೇಳುತ್ತಿತ್ತು. "ನಂಗೊಬ್ಳಿಗೇ ಯಾಕಮ್ಮ ರಾತ್ರಿ?" ಎಂದು ಅತ್ತಳು. ಅವಳು ಕೇಳಿದ್ದು ನ್ಯಾಯವಾಗಿತ್ತು. ಆದರೂ ಪರದೆ ಸರಿಸಲಿಲ್ಲ.

ಮುಂದಿನ ಚಳಿಗಾಲದಲ್ಲಿ ದೀಪ ಮತ್ತೆ ಬಂತು. ಈ ಸಲ ಬೆಳಿಗ್ಗೆಯಲ್ಲ, ನಡುಮಧ್ಯಾಹ್ನ. ಮೊದಲು ಕೆಲವೇ ನಿಮಿಷ, ಮಾತ್ರೆ ನಿಲ್ಲಿಸದೆ, ವೈದ್ಯರು ಹೇಳಿದಷ್ಟೇ. ಶಾಲೆಯವರು ಊಟದ ಬಿಡುವಿಗೆ ಒಂದು ಕೋಣೆ ಬಿಟ್ಟುಕೊಟ್ಟರು. ಗೆಳತಿಯೊಬ್ಬಳು ಜೊತೆಗೆ ಕೂರುತ್ತಿದ್ದಳು.

ಈಗ ಮಗಳಿಗೆ ಹದಿನಾರು. ನಿದ್ದೆಯ ಲೆಕ್ಕ ಅವಳೇ ಬರೆದಿಡುತ್ತಾಳೆ. ಹೋದ ಮಾರ್ಚ್‌ನಲ್ಲಿ, "ಅಮ್ಮಾ, ನಿದ್ದೆ ಕಮ್ಮಿಯಾಗ್ತಿದೆ" ಎಂದು ತಾನೇ ಬಂದು ಹೇಳಿದಳು. ಔಷಧಿ ಬದಲಾಯಿತು. ಆಸ್ಪತ್ರೆ ಸೇರಬೇಕಾಗಲಿಲ್ಲ. ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು ಸ್ವೀಡನ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದು ಮಾರ್ಚ್‌ನ ಕೊನೆಯ ಭಾನುವಾರ. ಈ ವರ್ಷ ಅದಕ್ಕೆ ಮೊದಲೇ ವೈದ್ಯರ ಭೇಟಿ ಗೊತ್ತುಮಾಡಿಕೊಂಡಿದ್ದೇವೆ.