ಭರಣಿಯ ಬೆವರು

ಬಿಸಿಲಿಗೆ ನಮ್ಮ ಕಡೆ ಎಂದೂ ಬರ ಬಂದದ್ದಿಲ್ಲ. ಮಳೆ ಕೈಕೊಟ್ಟೀತು, ಸರಕಾರ ಕೈಕೊಟ್ಟೀತು, ಬಿಸಿಲು ಮಾತ್ರ ನಮ್ಮನ್ನು ಕೈಬಿಡದು. ಕಲಬುರ್ಗಿ ಜಿಲ್ಲೆಯ ಅಫಜಲಪುರ ತಾಲೂಕಿನ ನಮ್ಮ ಹವಳಗಾದಲ್ಲಿ ಮುಂಜಾನೆ ಅಂಗಳಕ್ಕೆ ಏನು ಹರವಿದರೂ ಸಂಜೆಗೆ ಒಣಗಿರುತ್ತದೆ. ಆದರೆ ಸಂಜೆಗೆ ಒಣಗಿದ್ದು ಆರು ತಿಂಗಳ ಮೇಲೂ ಒಣಗಿಯೇ ಇದ್ದೀತೆ? ಈ ಪ್ರಶ್ನೆಯನ್ನು ಬಿಸಿಲಿಗೆ ಕೇಳಿ ಪ್ರಯೋಜನವಿಲ್ಲ. ಭರಣಿಯನ್ನು ಕೇಳಬೇಕು.

ನಮ್ಮ ಮನೆಯಲ್ಲಿ ಎರಡು ದೊಡ್ಡ ಭರಣಿಗಳಿದ್ದವು. ಒಂದು ಉಪ್ಪಿನಕಾಯಿಯದು, ಇನ್ನೊಂದು ನಮ್ಮ ಆಯಿಯ ತೊಗರಿ ಬೀಜದ್ದು. ಮೇಲೆ ಕಂದು, ಕೆಳಗೆ ಬಿಳಿ, ಒಳಗೂ ಹೊರಗೂ ಗಾಜಿನಂಥ ನುಣುಪು. ಹೊಟ್ಟೆಗೆ ಬಳಸುವ ಕಾಳು ಮಣ್ಣಿನ ಗಡಿಗೆಗಳಲ್ಲಿ ಇರುತ್ತಿತ್ತು. ಬಿತ್ತುವ ಕಾಳಿಗೆ ಮಾತ್ರ ಭರಣಿ. ಇದರಲ್ಲಿ ಒಂದು ಲೆಕ್ಕವಿತ್ತು. ಗಡಿಗೆ ಉಸಿರಾಡುತ್ತದೆ. ಅದರಲ್ಲಿಟ್ಟ ನೀರು ತಂಪಾಗುವುದು ಅದಕ್ಕೇ, ಮಳೆಗಾಲದ ಥಂಡಿ ಅದರೊಳಗಿನ ಕಾಳಿಗೆ ಇಳಿಯುವುದೂ ಅದಕ್ಕೇ. ಭರಣಿ ಉಸಿರಾಡುವುದಿಲ್ಲ. ಹೊರಗಿನ ತೇವವನ್ನು ಒಳಗೆ ಬಿಡದು, ಒಳಗಿನದನ್ನು ಹೊರಗೂ ಬಿಡದು. ಭರಣಿ ಏನನ್ನೂ ಒಣಗಿಸುವುದಿಲ್ಲ. ಕೊಟ್ಟದ್ದನ್ನು ಕಾಯುತ್ತದೆ, ಅಷ್ಟೆ. ಒಣ ಕಾಳು ಕೊಟ್ಟರೆ ಒಣಗಿದ್ದನ್ನು, ಹಸಿ ಕಾಳು ಕೊಟ್ಟರೆ ಬೂಜನ್ನು.

ಎಳ್ಳಮಾಸಿ ದಾಟಿ ಸಂಕ್ರಾಂತಿಯ ಹೊತ್ತಿಗೆ ತೊಗರಿ ರಾಶಿಯಾಗುತ್ತಿತ್ತು. ಆಯಿ ದುಂಡನೆಯ ಕಾಳನ್ನು ಆರಿಸಿ ಮೂರು ದಿನ ಬಿಸಿಲಿಗೆ ಹರವುತ್ತಿದ್ದಳು. ಸಂಜೆ ಕಾಳು ಬಿಸಿಯಿರುವಾಗ ಯಾರಿಗೂ ತುಂಬಗೊಡುತ್ತಿರಲಿಲ್ಲ; ಪಡಸಾಲೆಯಲ್ಲಿ ಹರವಿ ಪೂರ್ತಿ ಆರಿದ ಮೇಲೆ ಒಂದು ಕಾಳು ಹಲ್ಲಿಗೆ ಕೊಟ್ಟು ನೋಡಬೇಕು. 'ಕಟಕ್' ಎಂದರೆ ಭರಣಿಗೆ, ಮೆತ್ತಗೆ ಮಣಿದರೆ ಮತ್ತೆ ಅಂಗಳಕ್ಕೆ.

ಅಲ್ಲಿಗೂ ಮುಗಿಯುತ್ತಿರಲಿಲ್ಲ. ತುಂಬಿದ ಮರುದಿನ ಮುಂಜಾನೆ ಮುಚ್ಚಳ ತೆಗೆದು ಅದರ ಒಳಮೈಯನ್ನು ಬೆರಳಿನಿಂದ ಸವರುತ್ತಿದ್ದಳು. ಆಮೇಲೆ ಮೊಣಕೈತನಕ ಕೈ ಇಳಿಸಿ ತಳದ ಕಾಳು ಮುಟ್ಟಿ, ಮೂಸಿ, "ಭರಣಿ ಬೆವತದ" ಎಂದು ಇದ್ದದ್ದನ್ನೆಲ್ಲ ಮತ್ತೆ ಹೊರಗೆ ಸುರಿಯುತ್ತಿದ್ದಳು.

"ಆಯೀ, ನಿನ್ನೆನೇ ಒಣಗಿದ್ದುವಲ್ಲ?" ಎಂದು ನಾನು ಕೇಳಿದರೆ ಅವಳ ಉತ್ತರ ಒಂದೇ:

"ಮ್ಯಾಲಿನ ಸಿಪ್ಪಿ ಒಣಗ್ಯಾದ ತಮ್ಮಾ, ಹೊಟ್ಟಿ ಇನ್ನಾ ಹಸಿ ಅದ."

ಹೀಗೆ ಎರಡು ಮೂರು ಸಲ ಆಗುತ್ತಿತ್ತು. ಮುಚ್ಚಳ ಬೆವರದ ದಿನ ಕುಳ್ಳಿನ ಬೂದಿ ಸೋಸಿ ಕಾಳಿಗೆ ಬೆರೆಸಿ, ಬೇವಿನೆಲೆ ಹಾಕುತ್ತಿದ್ದಳು. ಆ ಎಲೆಯೂ ನೆಳಲಲ್ಲಿ ಗರಿಗರಿ ಒಣಗಿರಬೇಕು. ಹಸಿ ಎಲೆ ಹಾಕಿದರೆ ಹುಳಕ್ಕೆ ಔಷಧ ಕೊಟ್ಟು ಬೂಜನ್ನು ಊಟಕ್ಕೆ ಕರೆದಂತೆ. ಕೊನೆಗೆ ಬಾಯಿಗೆ ಅರಿವೆ ಕಟ್ಟಿ, ಮುಚ್ಚಳವಿಟ್ಟು, ಮಣ್ಣು ಸಗಣಿಯಿಂದ ಮೆತ್ತಿದರೆ ಆಯಿತು. ಆಮೇಲೆ ಮಿರಗದ ಮಳೆಗೇ ಅದು ತೆರೆಯುವುದು.

ಆಯಿ ಹೇಳಿದ ಸಿಪ್ಪೆ-ಹೊಟ್ಟೆಯ ಮಾತನ್ನೇ ಮುಂದೆ ಪುಸ್ತಕಗಳಲ್ಲಿ ಓದಿದೆ. ಬಿಸಿಲು ಕಾಳಿನ ಮೇಲ್ಮೈಯನ್ನು ಬೇಗ ಒಣಗಿಸುತ್ತದೆ. ನಡುವಿನ ನೀರು ನಿಧಾನವಾಗಿ ಹೊರಗೆ ಬರುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಕಾಳೂ ಗಾಳಿಯೂ ತಮ್ಮ ತೇವವನ್ನು ಕೊಟ್ಟು ತೆಗೆದುಕೊಂಡು ಒಂದು ಸಮಕ್ಕೆ ನಿಲ್ಲುತ್ತವೆ. ಅದಕ್ಕೆ ರಾತ್ರಿಯಾದರೂ ಬೇಕು. ಒಳಗಿನ ಗಾಳಿಯ ಆರ್ದ್ರತೆ ಶೇಕಡಾ 65ರ ಒಳಗೆ ನಿಂತರೆ ಬೂಜು ಬೆಳೆಯುವುದು ಕಷ್ಟ. ಮೇಲೇರಿದಷ್ಟೂ ಅದಕ್ಕೆ ಹಬ್ಬ.

ಇದನ್ನು ಅಳೆಯಲು ಯಂತ್ರವೇ ಬೇಕೆಂದಿಲ್ಲ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಕಾಳು ಹಾಕಿ, ಒಣಗಿಸಿದ ಪುಡಿ ಉಪ್ಪು ಸೇರಿಸಿ ಎರಡು ಮೂರು ನಿಮಿಷ ಅಲುಗಾಡಿಸಿ ನೋಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ತೇವವಿದೆ ಎಂದರ್ಥ. ಗಾಳಿಯ ಆರ್ದ್ರತೆ ಸುಮಾರು 75 ದಾಟಿತೆಂದರೆ ಉಪ್ಪು ನೀರು ಹೀರತೊಡಗುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪು ನೀರೊಡೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭರಣಿಗೆ ನಮ್ಮ ಊರುಗಳಲ್ಲಿ ಒಬ್ಬ ದೊಡ್ಡಣ್ಣನಿದ್ದ. ಅವನ ಹೆಸರು ಹಗೇವು. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿದ ಕುಣಿ, ಸುತ್ತ ಹುಲ್ಲು ಕಣಿಕೆಯ ಹಾಸು, ನಡುವೆ ಜೋಳ, ಬಾಯಿಗೆ ಕಲ್ಲು, ಮೇಲೆ ಮಣ್ಣು. ಅಲ್ಲಿ ಕಾಳೇ ಉಸಿರಾಡಿ ಪ್ರಾಣವಾಯುವನ್ನು ತೀರಿಸುತ್ತದೆ, ಹುಳಕ್ಕೆ ಉಸಿರಿಲ್ಲದಂತಾಗುತ್ತದೆ. ಅವಸರಪಟ್ಟು ಇಳಿದರೆ ಮನುಷ್ಯನಿಗೂ ಅದೇ ಗತಿ. ಅದಕ್ಕೇ ಹಗೇವು ತೆಗೆದ ಮೇಲೆ ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

1972ರಲ್ಲಿ ಮಳೆ ಬರಲಿಲ್ಲ. ಆ ಬರವನ್ನು ಕಂಡವರು ಇಂದಿಗೂ ಅದನ್ನು ಇಸವಿ ಹೇಳಿಯೇ ಕರೆಯುತ್ತಾರೆ. ಆ ಸಂಕ್ರಾಂತಿಗೆ ಮುಚ್ಚಿದ ಭರಣಿ ಮಿರಗಕ್ಕೆ ತೆರೆಯಲಿಲ್ಲ. ಅಪ್ಪ, ಅವ್ವ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದರು. ಗಡಿಗೆಗಳು ಒಂದೊಂದಾಗಿ ಬೋರಲು ಬಿದ್ದವು. ಒಂದು ರಾತ್ರಿ ಬರಿಯ ಖಾರದ ನೀರಿಗೆ ರೊಟ್ಟಿ ಅದ್ದಿ ತಿನ್ನುತ್ತಿದ್ದಾಗ ಅಪ್ಪ ಮೆಲ್ಲಗೆ, "ಯವ್ವಾ, ಭರಣ್ಯಾಗಿಂದು ಒಂದು ಬಟ್ಟಲ ತಗೀಲೇನು? ಹುಡುಗರು ಬ್ಯಾಳಿ ಕಂಡು ತಿಂಗಳಾತು" ಎಂದ. ಆಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: "ಇವತ್ತಿನ ಹಸಿವ ಹುಡುಗರು ನಾಳಿಗಿ ಮರೀತಾರ. ಬಿತ್ತದಿದ್ದರ ಹೊಲ ಮರೆಯಂಗಿಲ್ಲಪ್ಪಾ." ತನ್ನ ಪಾಲಿನ ಅರ್ಧ ರೊಟ್ಟಿ ಮುರಿದು ನಮ್ಮ ತಾಟಿಗೆ ಹಾಕಿದಳು. ಅಪ್ಪ ಮತ್ತೆ ಆ ಮಾತು ತೆಗೆಯಲಿಲ್ಲ.

ಮರು ವರ್ಷ ಮಳೆ ಬಂತು. ಭರಣಿಯ ಬಾಯಿಯ ಮಣ್ಣು ಒಡೆದಾಗ ಹದಿನೇಳು ತಿಂಗಳಾಗಿತ್ತು. ಆಯಿ ನೂರು ಕಾಳು ಎಣಿಸಿ ಹಸಿ ಅರಿವೆಯಲ್ಲಿ ಕಟ್ಟಿಟ್ಟಳು. ಐದನೆಯ ದಿನ ಬಿಚ್ಚಿದಾಗ ಎಂಬತ್ತರ ಮೇಲೆ ಮೊಳಕೆಯೊಡೆದಿದ್ದವು. ನಮ್ಮ ಎರಡು ಎಕರೆಗೆ ಸುಮಾರು 10 ಕಿಲೋ ಬೀಜ ಬೇಕು. ಅದನ್ನು ತೆಗೆದು ಉಳಿದದ್ದನ್ನು, ಬೀಜಕ್ಕೆ ಹುಳ ಬಿದ್ದಿದ್ದ ಎರಡು ಮನೆಯವರಿಗೆ ಬಟ್ಟಲಿನಿಂದ ಅಳೆದು ಕೊಟ್ಟಳು. ಕಾಳಿನ ತೇವ ಶೇಕಡಾ ಒಂದರಷ್ಟು ಇಳಿದರೆ ಬೀಜದ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ಬೀಜವಿಜ್ಞಾನಿ ಹ್ಯಾರಿಂಗ್ಟನ್ ಬರೆದಿದ್ದಾನೆ. ಮತ್ತೆ ಮತ್ತೆ ಅಂಗಳಕ್ಕೆ ಸುರಿದ ಆ ಎರಡು ಮೂರು ಮುಂಜಾವುಗಳು ನಮಗೆ ಗಳಿಸಿಕೊಟ್ಟದ್ದು ಆ ಹದಿನೇಳು ತಿಂಗಳುಗಳನ್ನು.

ಈಗ ಹವಳಗಾ ಎಂದರೆ ಜನಕ್ಕೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಭೀಮೆಯ ನೀರು ಹತ್ತಿದ ಕಡೆ ಕಬ್ಬು ನಿಂತಿದೆ. ತೊಗರಿಯೂ ಇದೆ, ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬೀಜ ಚೀಟಿ ಹಚ್ಚಿದ ಚೀಲದಲ್ಲಿ ಬರುತ್ತದೆ. ಬೆಂಬಲ ಬೆಲೆಗೆ ತೊಗರಿ ಕೊಡಬೇಕಾದರೆ ತೇವ ಶೇಕಡಾ 12 ದಾಟಬಾರದು. ನಮ್ಮ ಪಕ್ಕದ ಹೊಲದವರು ಒಮ್ಮೆ ಖರೀದಿ ಕೇಂದ್ರಕ್ಕೆ ಹೋದಾಗ ಮೀಟರು 14 ತೋರಿಸಿತು. ಟ್ರ್ಯಾಕ್ಟರ್ ಬಾಡಿಗೆ ತೆತ್ತು ಮಾಲು ಮನೆಗೇ ಬಂತು. "ಮೂರು ದಿನ ಬಿಸಿಲಾಗ ಹಾಕೀನ್ರೀ, ಮೀಟರಿಗೇನು ತಿಳೀತದ?" ಎಂದು ಅವರು ರೇಗಿದರು. ಮೀಟರಿಗೆ ತಿಳಿದದ್ದು ಕಾಳಿನ ಹೊಟ್ಟೆಯ ಸುದ್ದಿ. ರಾಶಿ ಹಾಕಿ ಒಂದು ರಾತ್ರಿ ಬಿಟ್ಟು, ಮತ್ತೆ ಹರವಿ ಒಣಗಿಸಿದ ಮೇಲೆ ಅದೇ ತೊಗರಿ ತೂಕಕ್ಕೆ ಹತ್ತಿತು.

ಯಂತ್ರ ಬಂದದ್ದು ಒಳ್ಳೆಯದೇ. ಎಲ್ಲರ ಹಲ್ಲೂ ಆಯಿಯ ಹಲ್ಲಲ್ಲ. ಭರಣಿಯ ಜಾಗಕ್ಕೆ ಪ್ಲಾಸ್ಟಿಕ್ ಡ್ರಮ್ಮು ಬಂದರೂ ಅದರ ಸ್ವಭಾವ ಬೇರೆಯಲ್ಲ. ಅದೂ ಕೊಟ್ಟದ್ದನ್ನು ಕಾಯುತ್ತದೆ, ಕೊಡದ್ದನ್ನು ಹುಟ್ಟಿಸುವುದಿಲ್ಲ. ಆದುದರಿಂದ ಗಟ್ಟಿಯಾಗಿ ಮುಚ್ಚುವ ಮೊದಲು ಒಂದು ರಾತ್ರಿ ಬಿಟ್ಟು ತೆರೆದು ನೋಡುವುದು ಲೇಸು. ಆ ಮುಂಜಾನೆ ಮುಚ್ಚಳ ಬೆವತಿದ್ದರೆ ಬೇಸರ ಬೇಡ, ಅಂಗಳವಿದೆ, ಬಿಸಿಲಂತೂ ಇದ್ದೇ ಇದೆ.