ಕೈ ಸವೆಸಿದ ಸ್ಟೇರಿಂಗು

‘ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು’ ಅಂತ ನಮ್ಮ ಕಡೆ ಒಂದು ಮಾತಿದೆ. ಕೊಟ್ಟೂರಿನ ಹತ್ತಿರದ ಉಜ್ಜಿನಿಗೆ ಹೋಗಿ, ಮರುಳಸಿದ್ಧೇಶ್ವರನ ಗುಡಿಯನ್ನು ಅಂಗಳದಿಂದಲೇ ನೋಡಿ ಕೈಮುಗಿದು ಬಂದವರು ನೋಡಿದ್ದು ಅರ್ಧ ಮಾತ್ರ. ಒಳಗೆ ಕಾಲಿಟ್ಟು, ಕಣ್ಣು ಕತ್ತಲೆಗೆ ಹೊಂದುವ ತನಕ ನಿಂತು, ಕತ್ತೆತ್ತಿ ನೋಡಬೇಕು. ಕಾರಿನ ವಿಷಯದಲ್ಲಿ ನಾನು ಉಜ್ಜಿನಿಯ ಕಡೆಯವನು. ಆಯುಧಪೂಜೆ ಬಂತೆಂದರೆ ಕೂಡ್ಲಿಗಿಯಿಂದ ಹಡಗಲಿ ತನಕ ಪ್ರತಿ ಮನೆಯ ಮುಂದೆಯೂ ಗಾಡಿಗಳ ಮೈ ಥಳಥಳ ಹೊಳೆಯುತ್ತದೆ. ಬಾನೆಟ್ಟಿಗೆ ಚೆಂಡುಹೂವಿನ ಸರ, ಗಾಲಿಯ ಕೆಳಗೆ ನಿಂಬೆಹಣ್ಣು. ಆದರೆ ದಿನಾ ಕೈಯಲ್ಲಿ ಹಿಡಿಯುವ ಸ್ಟೇರಿಂಗಿಗೆ ಒಂದು ಬೊಟ್ಟು ಕುಂಕುಮ ಇಟ್ಟರೆ ಮುಗಿಯಿತು. ಅದರ ಮೈ ಹೇಗಿದೆ ಎಂದು ಯಾರೂ ನೋಡುವುದಿಲ್ಲ.

ನನ್ನ ಕಾರು ನನಗಿಂತ ಮೊದಲು ಹರಪನಹಳ್ಳಿಯಲ್ಲಿತ್ತು. ನಂಬರು ಕೆಎ 17, ದಾವಣಗೆರೆಯದು. ಹರಪನಹಳ್ಳಿ ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ತಾಲ್ಲೂಕು ಇಷ್ಟೆಲ್ಲ ತಿರುಗಿದರೂ ಕಾರಿನ ನಂಬರು ಮಾತ್ರ ಹಳೆಯದೇ ಉಳಿದಿದೆ. ಈ ಕಾರು ಎಲ್ಲೆಲ್ಲಿ ಓಡಾಡಿದೆ ಎಂಬುದನ್ನು ಕಾಗದಪತ್ರಕ್ಕಿಂತ ಚೆನ್ನಾಗಿ ಹೇಳಿದ್ದು ಸೀಟಿನ ಕೆಳಗಿನ ಕಸ. ಕೂಡ್ಲಿಗಿ ಕಡೆಯ ಶೇಂಗಾ ಸಿಪ್ಪೆ, ಕೊಟ್ಟೂರಿನ ಮಂಡಕ್ಕಿ, ತೇರಿಗೆ ಎಸೆಯಲು ಒಯ್ದು ಉಳಿದಿದ್ದ ಒಂದು ಉತ್ತತ್ತಿ, ಹಡಗಲಿ ಮಲ್ಲಿಗೆಯನ್ನು ಪೋಣಿಸಿದ್ದ ಒಣಗಿದ ದಾರ. ಎಲ್ಲದರ ಮೇಲೆ ಮಸಾರಿ ಹೊಲದ ಕೆಂಪು ಧೂಳು, ಅದರ ನಡುವೆ ಎರೆ ಮಣ್ಣಿನ ಕಪ್ಪು ಹೆಂಟೆ.

ಸ್ಟೇರಿಂಗಿಗೆ ಚರ್ಮದ ಹೊದಿಕೆ. ನೋಡಿದವರೆಲ್ಲ ‘ಎಷ್ಟು ಚಲೋ ಹೊಳಿತೈತಿ’ ಅನ್ನುತ್ತಿದ್ದರು. ಆ ಹೊಳಪೇ ಕೊಳೆ. ಕಾರಿಗೆ ಹಾಕುವ ಚರ್ಮ ಹೊಸದಿದ್ದಾಗ ಮಂಕಾಗಿರುತ್ತದೆ. ಅದರ ಬಣ್ಣದ ಮೇಲೆ ತೆಳ್ಳನೆಯ ಪಾಲಿಯುರೆಥೇನ್ ಪದರ ಇರುತ್ತದೆ, ಬೆಳಕು ಅದರ ಮೇಲೆ ಚದುರಿಹೋಗುತ್ತದೆ. ಅಂಗೈಯ ಬೆವರು, ಜಿಡ್ಡು, ಧೂಳು ಸೇರಿ ಸಣ್ಣ ಸಣ್ಣ ಗುಂಡಿಗಳನ್ನೆಲ್ಲ ತುಂಬಿ ಮಟ್ಟಮಾಡಿದ ಮೇಲೆ ಅದು ಹೊಳೆಯತೊಡಗುತ್ತದೆ. ಒಳಗೊಳಗೇ ಆ ಜಿಡ್ಡು ಮೇಲಿನ ಪದರವನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಉಂಗುರ ತಾಗುವಲ್ಲಿ, ಹೆಬ್ಬೆರಳು ಒತ್ತುವಲ್ಲಿ ಬಣ್ಣ ಏಳುತ್ತದೆ.

ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನನ್ನ ಕಾರಿನಲ್ಲಿ ಬಲಗಡೆ ಹೆಚ್ಚು. ಎಡಗೈ ಗೇರಿಗೆ ಹೋಗಿ ಬರುತ್ತದೆ, ಬಲಗೈಗೆ ಆ ಬಿಡುವಿಲ್ಲ. ಜೊತೆಗೆ ಚಾಲಕನ ಕಿಟಕಿಯೂ ಬಲಗಡೆಗೇ, ಬಿಸಿಲು ಮೊದಲು ಬೀಳುವುದೂ ಅಲ್ಲೇ. ಬಲಮೇಲ್ಭಾಗದಲ್ಲಿ ಒಂದು ಅಂಗೈ ಅಗಲದಷ್ಟು ಜಾಗ ಬೆಳ್ಳಗಾಗಿ, ಚರ್ಮದ ಎಳೆ ಎದ್ದು ನಿಂತಿತ್ತು. ಅಲ್ಲಿ ಕೈಯಿಟ್ಟರೆ ಹಿಂದಿನ ಚಾಲಕ ಎಲ್ಲಿ ಹಿಡಿಯುತ್ತಿದ್ದ ಎಂಬುದು ಬೆರಳಿಗೇ ತಿಳಿಯುತ್ತಿತ್ತು. ನನ್ನ ಕೈಗಿಂತ ಅವನದು ದೊಡ್ಡದು.

ಇಂಥ ಸ್ಟೇರಿಂಗನ್ನು ಸರಿಮಾಡುವ ಕೆಲಸದ ಮುಕ್ಕಾಲು ಪಾಲು ತೊಳೆಯುವುದೇ. ಬಣ್ಣದ ಡಬ್ಬಿಯಿಂದಲೇ ಶುರುಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜಿಡ್ಡಿನ ಮೇಲೆ ಹಚ್ಚಿದ ಬಣ್ಣ ಜಿಡ್ಡಿಗೆ ಅಂಟುತ್ತದೆಯೇ ಹೊರತು ಚರ್ಮಕ್ಕಲ್ಲ, ಬೇಸಿಗೆಯಲ್ಲಿ ಹಪ್ಪಳೆ ಹಪ್ಪಳೆಯಾಗಿ ಕೈಗೆ ಬರುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ, ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಶ್ಶು, ಹರಿದ ಬಿಳಿ ಪಂಚೆಯ ತುಂಡು. ಬಿಳಿ ಬಟ್ಟೆಯೇ ಬೇಕು, ಎಷ್ಟು ಕೊಳೆ ಬಂತೆಂದು ಅದೊಂದೇ ಸರಿಯಾಗಿ ತೋರಿಸುವುದು. ನೀರು ಸುರಿಯಬಾರದು, ಬರೀ ನೊರೆ ಸಾಕು. ಹಾರ್ನಿನ ಒಳಗೆ ಏರ್‌ಬ್ಯಾಗಿದೆ. ಅದಿರುವ ಸ್ಟೇರಿಂಗನ್ನು ಮನೆಯಲ್ಲಿ ಬಿಚ್ಚಲೇಬಾರದು. ಇದ್ದಲ್ಲೇ ಇಟ್ಟು, ಸುತ್ತ ಟೇಪು ಅಂಟಿಸಿ ಕೆಲಸ ಮಾಡಬೇಕು.

ಹೊಲಿಗೆಯ ಸಾಲಿಗೆ ಬ್ರಶ್ಶು ತಾಗಿದಾಗ ನಡೆಯುವುದನ್ನು ನೋಡುತ್ತ ಕೂರುವುದು ನನಗೆ ತುಂಬಾ ಇಷ್ಟ. ಮೊದಲು ನೊರೆ ಕಂದಾಗುತ್ತದೆ. ಆಮೇಲೆ ದಾರದ ಪ್ರತಿ ಕಣ್ಣಿನಿಂದಲೂ ಒಂದೊಂದು ಕೆಂಪು ಗೆರೆ ಇಳಿಯುತ್ತದೆ. ಅದಿರಿನ ಲಾರಿಗಳ ಹಿಂದೆ ಓಡಾಡಿದ ರಸ್ತೆಗಳ ಧೂಳು ಇದ್ದರೂ ಇರಬಹುದು, ಕೂಡ್ಲಿಗಿಯ ಹೊಲದ ಧೂಳೂ ಇರಬಹುದು. ಪಂಚೆ ತುಂಡಿನಿಂದ ಒತ್ತಿ ಹೀರಿಸಿ, ಮತ್ತೆ ನೊರೆ, ಮತ್ತೆ ಬಟ್ಟೆ. ಕಪ್ಪೆಂದುಕೊಂಡಿದ್ದ ದಾರ ಕೊನೆಗೆ ಬೂದು ಬಣ್ಣಕ್ಕೆ ತಿರುಗಿ ತನ್ನ ನಿಜರೂಪ ತೋರಿಸಿತು. ಆ ಹೊತ್ತಿನ ಸಂತೋಷ ಬಣ್ಣ ಹಚ್ಚಿದಾಗಲೂ ಬರಲಿಲ್ಲ.

ಕೆಳಗಿನ ಕಡ್ಡಿಯ ಹತ್ತಿರ ಹೊಲಿಗೆ ಬಿಟ್ಟಿತ್ತು. ಕೊಟ್ಟೂರಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರಿಗೆ ತೋರಿಸಿದೆ. ಬಾಗಿಲು ತೆಗೆದು ಸೀಟಿನಲ್ಲಿ ಅಡ್ಡ ಕೂತು, ಬೆರಳಿನಿಂದ ಒಮ್ಮೆ ಸವರಿ, ‘ಆರಿ ಬ್ಯಾಡ್ರಿ ಇದಕ್ಕ, ಹಳೇ ತೂತು ಅದಾವು. ಹೊಸಾ ತೂತು ಹೊಡದ್ರ ಚರ್ಮ ಹರಿತೈತಿ’ ಅಂದರು.

‘ದಾರ ಯಾವುದು ಹಾಕ್ಲಿ ಯಜಮಾನ್ರೇ?’

‘ಮೇಣ ತಿಕ್ಕಿದ್ದು. ಎರಡು ಸೂಜಿ ತಗೋರಿ, ಎರಡೂ ಕಡಿಂದ ಬರ್ಬೇಕು. ಒಂದ ಸಮ ಜಗ್ರಿ.’

ಅವರು ಹಾಕಿ ತೋರಿಸಿದ ಮೊದಲ ಹೊಲಿಗೆಗಳೂ ನಾನು ಮುಂದುವರಿಸಿದ ಹೊಲಿಗೆಗಳೂ ಇವತ್ತಿಗೂ ಬೇರೆಬೇರೆ ಎಂದು ಗುರುತಿಸಬಹುದು. ಅವರ ಹೊಲಿಗೆ ಚರ್ಮದೊಳಗೆ ಕೂತಿದೆ. ವಚನಕಾರ ಮಾದಾರ ಚೆನ್ನಯ್ಯ ತನ್ನ ಅಂಕಿತದಲ್ಲೇ ಉಳಿ, ಕತ್ತಿ, ಅಡಿಗುಂಟಗಳನ್ನು ಇಟ್ಟುಕೊಂಡದ್ದು ಯಾಕೆಂದು ಆ ಕೈಗಳನ್ನು ನೋಡಿದಾಗ ಮನಸ್ಸಿಗೆ ನಾಟಿತು.

ಬಣ್ಣದ ಕತೆ ಚಿಕ್ಕದು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಹಗುರಾಗಿ ಒರೆಸಿ, ಎದ್ದ ಎಳೆಗಳನ್ನು ಸಾವಿರ ನಂಬರಿನ ಎಮರಿ ಪೇಪರಿನಿಂದ ಮಲಗಿಸಿ, ಗುಂಡಿಬಿದ್ದ ಕಡೆ ಚರ್ಮಕ್ಕೆಂದೇ ಸಿಗುವ ಫಿಲ್ಲರನ್ನು ಕೂದಲೆಳೆಯಷ್ಟು ತೆಳ್ಳಗೆ ತುಂಬಿ, ಒಣಗಿಸಿ ಉಜ್ಜಬೇಕು. ನೀರಿನಲ್ಲಿ ಕರಗುವ ಚರ್ಮದ ಬಣ್ಣವನ್ನು ಸ್ಪಂಜಿನಿಂದ ತಟ್ಟಬೇಕು, ಎಳೆಯಬಾರದು. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಸ್ಪಂಜಿನಲ್ಲೇ ಬಣ್ಣ ಒಣಗುತ್ತದೆ, ಹೊತ್ತೇರುವ ಮುಂಚೆಯೇ ಮುಗಿಸಬೇಕು. ಕೊನೆಗೆ ಹೊಳಪಿಲ್ಲದ ಮೇಲ್ಪದರ. ಬೂಟ್ ಪಾಲಿಶ್ ಬೇಡ, ಅದರ ಮೇಣ ಬೆವರಿದ ಕೈಗೆ, ಕೈಯಿಂದ ಅಂಗಿಗೆ ಬರುತ್ತದೆ.

ಹಳೆಯ ಅಂಬಾಸಡರಿನ ಸ್ಟೇರಿಂಗಿನದು ಬೇರೆಯೇ ರೀತಿ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರ ತನಕ ತಯಾರಾದ ಆ ಕಾರಿನ ಹಳೆಯ ಮಾದರಿಗಳಲ್ಲಿ ಗೇರೂ ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತಿತ್ತು. ಉಕ್ಕಿನ ಬಳೆಯ ಮೇಲೆ ಗಟ್ಟಿ ಪ್ಲಾಸ್ಟಿಕ್ಕು. ಬಿಸಿಲಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ, ಹಾಗಾಗಿ ಬಿರುಕು ಬಿಡುತ್ತದೆ. ಬಿರುಕನ್ನು ಅರದಿಂದ ಇನ್ನಷ್ಟು ಅಗಲಮಾಡಿ, ಅರಾಲ್ಡೈಟ್ ತುಂಬಿ, ಉಜ್ಜಿ ಬಣ್ಣ ಹೊಡೆಯಬೇಕು. ಗಾಯವನ್ನು ದೊಡ್ಡದು ಮಾಡದೆ ಅದು ಕೂಡುವುದಿಲ್ಲ.

ನನ್ನ ಕಾರಿನಲ್ಲಿ ನನಗೆ ಅತಿ ಹೆಚ್ಚು ಪಾಠ ಹೇಳಿದ್ದು ಭಂಡಾರ, ಅಂದರೆ ದೇವರ ಅರಿಸಿನ. ಯಾರೋ ಮೈಲಾರದ ಕಾರಣಿಕಕ್ಕೆ ಹೋಗಿ, ಹಣೆ ತುಂಬ ಅರಿಸಿನ ಬಳಿದುಕೊಂಡು ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದಾರೆ. ಚಾವಣಿಯ ಬಟ್ಟೆಯಲ್ಲಿ, ಸೀಟ್ ಬೆಲ್ಟಿನಲ್ಲಿ ಹಳದಿ ಕಲೆ. ಅದಕ್ಕೆ ಬಟ್ಟೆ ಸೋಪು ತಿಕ್ಕಿದರೆ ಕಲೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದು ಇದೇ ಗುಣದಿಂದ. ಸೋಪಿನ ಕ್ಷಾರವೂ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಆದರೆ ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಶಾಂಪೂ ನೀರಿನಲ್ಲಿ ಹಗುರಾಗಿ ಒರೆಸಿ, ಬೆಲ್ಟನ್ನು ಪೂರ್ತಿ ಎಳೆದು ಕ್ಲಿಪ್ಪು ಹಾಕಿ, ಬಾಗಿಲು ತೆಗೆದಿಟ್ಟು ಬಿಸಿಲಿಗೆ ಒಡ್ಡಿದೆ. ಬೆಲ್ಟಿಗೆ ಬ್ಲೀಚು ತಾಗಿಸಬಾರದು, ಎಳೆಗಳ ಬಲ ಹೋಗುತ್ತದೆ. ಅಪಘಾತದ ಗಳಿಗೆಯಲ್ಲಿ ಜೀವ ಹಿಡಿಯಬೇಕಾದ ಪಟ್ಟಿ ಅದು. ಸ್ಟೇರಿಂಗಿನ ಬಣ್ಣ ಕೆಡಿಸಿದ ಅದೇ ಬಿಸಿಲು ಇಲ್ಲಿ ಅಗಸನ ಕೆಲಸ ಮಾಡಿತು.

ಬಾಗಿಲ ಒಳಮೈಯ ಬಟ್ಟೆ ಗೋಂದು ಬಿಟ್ಟು ಜೋತುಬಿದ್ದಿತ್ತು. ಫೆವಿಕಾಲ್ ಎಸ್‌ಆರ್ ಅನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿದರೆ ಕೂತುಕೊಳ್ಳುತ್ತದೆ. ಹಸಿ ಇದ್ದಾಗಲೇ ಒತ್ತಿದರೆ ಜಾರುತ್ತದೆ. ಡ್ಯಾಶ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಬಳಿಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಧೂಳು ಅದಕ್ಕೇ ಕಾದಿರುತ್ತದೆ. ಹಗರಿಬೊಮ್ಮನಹಳ್ಳಿ ದಾರಿಯಲ್ಲಿ ನಡುಮಧ್ಯಾಹ್ನ ಆ ಹೊಳಪು ಮುಂದಿನ ಗಾಜಿನಲ್ಲಿ ಮೂಡಿ ಎದುರಿನ ರಸ್ತೆಯೇ ಮಸುಕಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಈಗ ಸ್ಟೇರಿಂಗು ಮಂಕಾಗಿದೆ. ಹಿಡಿದರೆ ಅಂಗೈಗೆ ಚರ್ಮದ ತರಿ ಸಿಗುತ್ತದೆ. ಓಣಿಯ ಟ್ರ್ಯಾಕ್ಸ್ ಓಡಿಸುವ ಹುಡುಗ ಬಂದು ತಿರುಗಿಸಿ ನೋಡಿ, ‘ಅಣ್ಣಾ, ನಂದಕ್ಕೂ ಒಂದು ಕೈ ನೋಡು’ ಅಂದ. ಅವನ ಸ್ಟೇರಿಂಗಿನ ಮೇಲೆ ಪ್ಲಾಸ್ಟಿಕ್ ಹುರಿಯ ಕವರು, ಅದರ ಕೆಳಗೆ ಇನ್ನೊಂದು ಕವರು. ‘ಕೊಟ್ಟೂರು ತೇರಿನ ಬಾಡಿಗಿ ಮುಗಿಸ್ಕೊಂಡು ಬಾ ತಮ್ಮಾ. ಬರೋವಾಗ ಎರಡೂ ಕವರು ಬಿಚ್ಚಿಟ್ಟಿರು. ಕೆಳಗ ಏನೈತಿ ನೋಡದ ಬಣ್ಣ ಎಷ್ಟು ಬೇಕು ಅಂತ ಹೇಳಾಕ ಆಗಂಗಿಲ್ಲ’ ಅಂದೆ.