ಗುರುಗುಟ್ಟುವ ನಾಯಿಗೆ ಹೊಡೆದರೆ

ನಾಯಿಯ ವಿಷಯ ಬಂದೊಡನೆ ನಮ್ಮ ಮನೆಗಳಲ್ಲಿ ಮಾತು ನಜಸ್‌ನ ಕಡೆಗೆ ಹೊರಳುತ್ತದೆ. ಅದು ಬಾಯಿಟ್ಟ ಪಾತ್ರೆಯನ್ನು ಏಳು ಸಲ, ಅದರಲ್ಲೊಮ್ಮೆ ಮಣ್ಣು ಬೆರೆಸಿ ತೊಳೆಯಬೇಕೆಂಬುದು ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಬೇಟೆಗಾಗಿ, ಕುರಿ ಮತ್ತು ಬೆಳೆಯ ಕಾವಲಿಗಾಗಿ ನಾಯಿ ಸಾಕಲು ಅನುಮತಿ ಇದೆಯೆಂಬುದನ್ನೂ ಹಲವರು ಬಲ್ಲರು. ಆದರೆ ಹಾಗೆ ಸಾಕಿದ ನಾಯಿ ಮೈಮೇಲೆ ಎರಗತೊಡಗಿದರೆ ಅದನ್ನು ಹೇಗೆ ತಿದ್ದಬೇಕೆಂದು ಯಾರೂ ನಮ್ಮಲ್ಲಿ ಕೇಳಿರಲಿಲ್ಲ, ನಮ್ಮ ಬಾವನವರು ಕೇಳುವ ತನಕ.

ಬಾವನವರದು ಅಡಿಕೆ ತೋಟ. ಕಾವಲಿನ ನಾಯಿಯನ್ನು ಹಗಲಿಡೀ ಅಂಗಳದ ಬದಿಯಲ್ಲಿ ಎರಡು ಮೊಳದ ಸರಪಳಿಯಲ್ಲಿ ಕಟ್ಟಿಡುತ್ತಿದ್ದರು. ದಾರಿಹೋಕ ಹುಡುಗರು ಕಲ್ಲೆಸೆಯುತ್ತಿದ್ದರು. ಅದು ಕೆಲಸದವರನ್ನು ಕಂಡು ಹಲ್ಲು ಕಿರಿದು ಗುರುಗುಟ್ಟಲಾರಂಭಿಸಿದಾಗ ಪೇಟೆಯಿಂದ ಒಬ್ಬ ತರಬೇತುದಾರನನ್ನು ಕರೆಸಲಾಯಿತು. ಆತ ಕುತ್ತಿಗೆ ಬಿಗಿಯುವ ಸರಪಳಿ ತೊಡಿಸಿ ಜಗ್ಗಿದ. ಗುರುಗುಟ್ಟಿದಾಗಲೆಲ್ಲ ಅಂಗಾತ ಕೆಡವಿ ಮೊಣಕಾಲಿನಿಂದ ಅದುಮಿದ. ಯಜಮಾನ ಯಾರೆಂದು ಅದಕ್ಕೆ ತಿಳಿಯಬೇಕೆಂಬುದು ಆತನ ಸಿದ್ಧಾಂತ. ನಾಲ್ಕೇ ದಿನಗಳಲ್ಲಿ ನಾಯಿ ಮೌನವಾಯಿತು. ಎಲ್ಲರಿಗೂ ಸಮಾಧಾನ. ಮೂರನೆಯ ವಾರ, ಬುಟ್ಟಿ ಹೊತ್ತು ಬಂದ ಕೆಲಸದ ಹೆಂಗಸಿನ ಕೈಗೆ ಅದು ಬಾಯಿ ಹಾಕಿತು. ಗುರುಗುಟ್ಟಲಿಲ್ಲ, ಬೊಗಳಲೂ ಇಲ್ಲ.

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಆಕೆಯನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ದು ರೇಬೀಸ್ ಚುಚ್ಚುಮದ್ದು ಹಾಕಿಸಲಾಯಿತು. ಅಂದು ರಾತ್ರಿ ಬಾವ ಫೋನಿನಲ್ಲಿ ಕೇಳಿದರು: "ಉಸ್ತಾದರೇ, ಇದನ್ನು ಇಟ್ಟುಕೊಳ್ಳುವುದೋ, ಕೊಲ್ಲಿಸುವುದೋ?"

ಗುರುಗುಟ್ಟುವುದು ನಾಯಿಯ ಎಚ್ಚರಿಕೆಯ ಮಾತು. ಹತ್ತಿರ ಬರಬೇಡ, ನನಗೆ ಭಯವಾಗುತ್ತಿದೆ ಎಂಬುದೇ ಬಹುಪಾಲು ಅದರ ಅರ್ಥ. ಹೊಡೆತದಿಂದ ಆ ಮಾತು ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. ಮನುಷ್ಯ ಬಂದಾಗಲೆಲ್ಲ ನೋವಾಗುತ್ತದೆಂದು ನಾಯಿ ಹೊಸದಾಗಿ ಕಲಿಯುತ್ತದೆ, ಅಷ್ಟೇ. ಬೆತ್ತ ಕಂಡು ಸದ್ದಡಗಿದ ತರಗತಿ ಪಾಠ ಕಲಿತ ತರಗತಿಯಲ್ಲವೆಂಬುದನ್ನು ಅಧ್ಯಾಪಕರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಯಜಮಾನಿಕೆಯ ಸಿದ್ಧಾಂತದ ಮೂಲವೂ ಗಟ್ಟಿಯಾದುದಲ್ಲ. ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸರು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ 1947ರಲ್ಲಿ ಬರೆದ ಪ್ರಬಂಧ ಅದಕ್ಕೆ ಆಧಾರ. ಅಮೆರಿಕದ ಡೇವಿಡ್ ಮೀಚ್ 1970ರ ತಮ್ಮ ಗ್ರಂಥದಲ್ಲಿ ಆ ವಿಚಾರವನ್ನು ಪ್ರಚುರಪಡಿಸಿದರು. ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಕುಟುಂಬವೇ ಹೊರತು ಕಾದಾಡಿ ಗೆದ್ದ ದೊರೆಯ ಆಸ್ಥಾನವಲ್ಲವೆಂದು 1999ರಲ್ಲಿ ಬರೆದವರೂ ಅವರೇ. 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು, ವರ್ತನೆಯ ತೊಂದರೆಗಾಗಿ ತಮ್ಮಲ್ಲಿಗೆ ಬಂದ ನಾಯಿಗಳ ಮಾಲೀಕರನ್ನು ವಿಚಾರಿಸಿದರು. ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ. 43 ಮಂದಿ, ಅಂಗಾತ ಕೆಡವಿ ಅದುಮಿದವರಲ್ಲಿ ಶೇ. 31 ಮಂದಿ, ನಾಯಿ ತಿರುಗಿಬಿತ್ತೆಂದು ಹೇಳಿದರು.

ಇನ್ನು ನಮ್ಮ ಪರಂಪರೆಯನ್ನು ನೋಡೋಣ. ಅಲ್ ಮಾಇದಃ ಅಧ್ಯಾಯದ 4ನೆಯ ವಚನವು ಬೇಟೆಪ್ರಾಣಿಯ ಪ್ರಸ್ತಾಪ ಮಾಡುವಾಗ ಬಳಸುವುದು 'ಕಲಿಸು' ಎಂಬ ಕ್ರಿಯಾಪದವನ್ನು. ಅಲ್ಲಾಹನು ಮನುಷ್ಯನಿಗೆ ನೀಡಿದ ಜ್ಞಾನದಿಂದಲೇ ಆತ ಪ್ರಾಣಿಗೆ ಕಲಿಸುತ್ತಾನೆ. ಕಳುಹಿಸಿದಾಗ ಹೊರಟು, ತಡೆದಾಗ ನಿಂತು, ಹಿಡಿದ ಬೇಟೆಯನ್ನು ತಾನು ತಿನ್ನದೆ ಒಡೆಯನಿಗಾಗಿ ಕಾಯುವ ನಾಯಿಯನ್ನು ನಮ್ಮ ಫುಕಹಾಗಳು ಕಲಿತ ನಾಯಿ ಎಂದರು. ಹಸಿದ ನಾಯಿ ಬಾಯಲ್ಲಿರುವ ಮಾಂಸವನ್ನು ಬಿಡುವುದೆಂದರೆ ಸಣ್ಣ ಮಾತೇ? ಸಹೀಹ್ ಮುಸ್ಲಿಮ್‌ನಲ್ಲಿ ಇನ್ನೊಂದು ಘಟನೆಯಿದೆ. ಹಟಮಾರಿ ಒಂಟೆಯೊಂದನ್ನು ಏರಿದ ಆಯಿಶಾ(ರ)ರು ಅದನ್ನು ಅತ್ತಿತ್ತ ಜಗ್ಗತೊಡಗಿದಾಗ ಪ್ರವಾದಿ(ಸ)ಯವರು ಮೃದುತ್ವದಿಂದ ವರ್ತಿಸುವಂತೆ ಅವರಿಗೆ ಉಪದೇಶಿಸಿದರು. ಗಮನಿಸಿರಿ, ಆ ಉಪದೇಶ ಸಾಧುಪ್ರಾಣಿಯ ವಿಷಯದಲ್ಲಿ ಬಂದುದಲ್ಲ.

ಕಚ್ಚುವ ಅಪಾಯಕಾರಿ ನಾಯಿಯನ್ನು ಕೊಲ್ಲುವ ಅನುಮತಿ ಹದೀಸ್‌ನಲ್ಲಿದೆ ಎಂದು ಬಾವ ನೆನಪಿಸಿದರು. ಇದೆ, ನಿಜ. ಮನುಷ್ಯನ ಜೀವ ದೊಡ್ಡದು. ಆದರೆ ಅಪಾಯವನ್ನು ನಾವೇ ಸರಪಳಿಯಿಂದಲೂ ಕಲ್ಲಿನಿಂದಲೂ ಬೆಳೆಸಿ, ಬಳಿಕ ಆ ಅನುಮತಿಯತ್ತ ಕೈಚಾಚುವುದು ನಮಗೆ ಸರಿಕಾಣಲಿಲ್ಲ. ದೇಶದ ಕಾನೂನೂ, ಅಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಪ್ರಾಣಿಯನ್ನು ಅತಿ ಗಿಡ್ಡ ಸರಪಳಿಯಲ್ಲಿ ದೀರ್ಘಕಾಲ ಕಟ್ಟಿಡುವುದನ್ನು ಅಪರಾಧವೆನ್ನುತ್ತದೆ.

ಮೊದಲು ಪಶುವೈದ್ಯರಿಗೆ ತೋರಿಸಿರೆಂದು ಹೇಳಿದೆವು. ನೋಡಿದರೆ, ಒಂದು ಕಿವಿಯ ಒಳಗೆ ಕೀವು. ತಲೆಯ ಹತ್ತಿರ ಕೈ ಬಂದರೆ ಅದಕ್ಕೆ ಹೇಗಾಗುತ್ತಿತ್ತೋ! ಕಿವಿ ವಾಸಿಯಾದ ಮೇಲೆ ವೈದ್ಯರ ಸಲಹೆಯಂತೆ ಹಿತ್ತಿಲಲ್ಲಿ ಬೇಲಿ ಕಟ್ಟಿ ನಾಯಿಯನ್ನು ಒಳಗೆ ಬಿಟ್ಟರು. ಎತ್ತಿನ ಬಾಯಿಗೆ ಹಾಕುವ ಕುಕ್ಕೆಯಂತಹುದನ್ನು, ಅದರಲ್ಲಿ ತಿನಿಸಿಟ್ಟು, ನಿಧಾನವಾಗಿ ರೂಢಿ ಮಾಡಿಸಿದರು. ಮುಖ್ಯವಾದುದು ದೂರದ ಲೆಕ್ಕ. ಅಪರಿಚಿತನೊಬ್ಬ ಎಷ್ಟು ದೂರದಲ್ಲಿ ನಿಂತರೆ ನಾಯಿ ನೋಡಿಯೂ ಶಾಂತವಾಗಿರುತ್ತದೋ ಅಲ್ಲಿಂದ ಆರಂಭ. ಆತ ಕಂಡೊಡನೆ ಬೇಯಿಸಿದ ಕೋಳಿಯ ತುಂಡು ಬೀಳುತ್ತದೆ. ಆತ ಮರೆಯಾದೊಡನೆ ತುಂಡು ನಿಲ್ಲುತ್ತದೆ. ಕೆಲವು ದಿನ ಕಳೆದು ಎರಡು ಹೆಜ್ಜೆ ಹತ್ತಿರ. ನಾಯಿ ಗುರುಗುಟ್ಟಿದರೆ ಶಿಕ್ಷೆಯಿಲ್ಲ, ಎರಡು ಹೆಜ್ಜೆ ಹಿಂದಕ್ಕೆ. ನಿತ್ಯ ಹತ್ತು ನಿಮಿಷದಂತೆ ಐದು ತಿಂಗಳು ಹಿಡಿಯಿತು. ತರಬೇತುದಾರನ ನಾಲ್ಕು ದಿನಗಳ ಮುಂದೆ ಇದು ಬೇಸರದ ಕೆಲಸವೇ ಸರಿ.

ಆ ಹೆಂಗಸು ಇಂದಿಗೂ ಅಂಗಳದ ಕಡೆ ಸುಳಿಯುವುದಿಲ್ಲ. ಅದು ಆಕೆಯ ಹಕ್ಕು. ಬಾವ ಆಕೆಗೆ ತೋಟದ ಆಚೆ ಬದಿಯ ಕೆಲಸ ಕೊಟ್ಟಿದ್ದಾರೆ. ನೆಂಟರು ಬಂದಾಗ ನಾಯಿ ಬೇಲಿಯೊಳಗೇ ಇರುತ್ತದೆ. ಕಳೆದ ತಿಂಗಳು ತೆಂಗಿನಕಾಯಿ ಕೀಳಲು ಹೊಸಬನೊಬ್ಬ ಬಂದು ಬೇಲಿಗೆ ತೀರಾ ಒತ್ತಿ ನಿಂತಾಗ ಅದು ಎಷ್ಟೋ ದಿನಗಳ ಬಳಿಕ ಗುರುಗುಟ್ಟಿತಂತೆ. ಬಾವ ಆತನನ್ನು ಹಿಂದಕ್ಕೆ ಕರೆದು ಬೇರೆ ದಾರಿಯಿಂದ ತೋಟಕ್ಕೆ ಕಳುಹಿಸಿದರು. "ಈಗ ಬಾಯಿಬಿಟ್ಟು ಹೇಳುತ್ತದೆ ಉಸ್ತಾದರೇ" ಎಂದು ಸಂಜೆ ಫೋನು ಮಾಡಿ ತಿಳಿಸಿದರು.